ತಾಯಿಯ ಅಂಗಡಿ, ಮಕ್ಕಳ ಅಂಗಡಿ

ಸಂಸಾರವನ್ನು ತೂಗಿಸುವುದು ಸಣ್ಣ ವಿದ್ಯೆಯಲ್ಲ. ತಿಂಗಳ ಮೊದಲ ವಾರದಲ್ಲಿ ಮನೆಯೊಡತಿಯು ಸಾಮಾನಿನ ಪಟ್ಟಿಯನ್ನು ಬರೆಯಲು ಕುಳಿತಳೆಂದರೆ, ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ, ಸೋಪು, ಕಾಫಿಪುಡಿ ಎಂದು ಸಾಲುಸಾಲಾಗಿ ಬರೆಯುತ್ತಿರುವ ಆಕೆಯ ಕೈ ನಡುವೆ ಒಮ್ಮೆ ತಡೆಯುತ್ತದೆ. ಕೈಯಲ್ಲಿರುವ ಹಣಕ್ಕೂ ಪಟ್ಟಿಯ ಉದ್ದಕ್ಕೂ ಹೊಂದಾಣಿಕೆಯಾಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯ ಸತ್ಯವನ್ನು ಪಟ್ಟಿ ಬರೆಯುವವರಷ್ಟು ಚೆನ್ನಾಗಿ ಬಲ್ಲವರು ಇನ್ನಾರೂ ಇಲ್ಲ. ಆಗ ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇಷ್ಟು ವರ್ಷಗಳಿಂದ ಸಾಮಾನು ತಂದ ಅಂಗಡಿಯಿಂದಲೇ ಈ ಸಲವೂ ತರುವುದೋ, ಅಥವಾ ಇನ್ನೂ ಕಡಿಮೆ ಬೆಲೆಗೆ ಮಾರುವ ದೊಡ್ಡ ಮಳಿಗೆಗೆ ಹೋಗುವುದೋ?

ಇದು ಒಂದು ಮನೆಯ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಲಕ್ಷಾಂತರ ಮನೆಗಳಲ್ಲಿ ಇದೇ ಪ್ರಶ್ನೆ ಎದ್ದು, ಒಂದೇ ಬಗೆಯ ಉತ್ತರ ದೊರೆತಾಗ, ಅದರಿಂದ ಬೀದಿಗಳ ರೂಪವೇ ಬದಲಾಗುತ್ತದೆ. ವ್ಯಾಪಾರದ ರೀತಿಯೇ ಬದಲಾಗುತ್ತದೆ. ಒಂದೇ ಸರಕು ಒಂದು ಕಡೆ ದುಬಾರಿಯಾಗಿಯೂ ಇನ್ನೊಂದು ಕಡೆ ಅಗ್ಗವಾಗಿಯೂ ಇರುವುದು ಹೇಗೆ? ಅಗ್ಗದ ಬೆಲೆಯ ಹಿಂದಿರುವ ಗುಟ್ಟೇನು? ಈ ಪ್ರಶ್ನೆಗಳಿಗೆ ಉತ್ತರವನ್ನು ಜರ್ಮನಿಯ ಒಂದು ಕುಟುಂಬದ ಕಥೆ ಸೊಗಸಾಗಿ ತಿಳಿಸುತ್ತದೆ. ಆ ಕಥೆಯಲ್ಲಿ ತಾಯಿಯ ಪುಟ್ಟ ಅಂಗಡಿಯೊಂದು ಮಕ್ಕಳ ಕಾಲಕ್ಕೆ ಹಲವು ದೇಶಗಳಿಗೆ ಹಬ್ಬಿದ ಮಳಿಗೆಗಳ ಸಾಲಾಗಿ ಬೆಳೆಯಿತು.

ಜರ್ಮನಿಯ ಪಶ್ಚಿಮ ಭಾಗದಲ್ಲಿ ರೂರ್ ಎಂಬ ನದಿ ಹರಿಯುತ್ತದೆ. ಆ ಪ್ರದೇಶದ ನೆಲದಡಿಯಲ್ಲಿ ಕಲ್ಲಿದ್ದಲು ಹೇರಳವಾಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ತಲೆಯೆತ್ತಿದವು. ಎಸ್ಸೆನ್ ಎಂಬುದು ಆ ಪ್ರದೇಶದ ಪ್ರಮುಖ ನಗರ. ಅದರ ಹೊರವಲಯದಲ್ಲಿ ಶೋನೆಬೆಕ್ ಎಂಬ ಬಡಾವಣೆಯಿದೆ. ಅದರ ನೆರೆಯಲ್ಲಿಯೇ ತ್ಸೋಲ್‌ಫೆರೈನ್ ಎಂಬ ದೊಡ್ಡ ಕಲ್ಲಿದ್ದಲ ಗಣಿ. 1986ರಲ್ಲಿ ಮುಚ್ಚಿಹೋದ ಆ ಗಣಿಯನ್ನು 2001ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಬೆಳಗಾಗುವ ಮೊದಲೇ ಭೂಮಿಯ ಗರ್ಭಕ್ಕೆ ಇಳಿದು, ಮೈಯೆಲ್ಲ ಮಸಿಯಾಗಿ ಮೇಲೇರಿ ಬರುತ್ತಿದ್ದ ಕೂಲಿಕಾರರ ನಾಡು ಅದು.

ಈ ಶೋನೆಬೆಕ್ ಬಡಾವಣೆಯಲ್ಲಿ ಆನ್ನಾ ಆಲ್ಬ್ರೆಕ್ಟ್ ಎಂಬ ಮಹಿಳೆ ಒಂದು ಚಿಕ್ಕ ಅಂಗಡಿಯನ್ನು ನಡೆಸುತ್ತಿದ್ದಳು. ಆಕೆಯ ಗಂಡ ಮೊದಲು ಗಣಿಯ ಕೆಲಸಗಾರನಾಗಿದ್ದು, ಬಳಿಕ ರೊಟ್ಟಿ ಸುಡುವ ಭಟ್ಟಿಯಲ್ಲಿ ದುಡಿದವನು. ಆ ಕುಟುಂಬದ ವ್ಯಾಪಾರದ ಇತಿಹಾಸ 1913ರಿಂದ ಆರಂಭವಾಗುತ್ತದೆ. ಕಾರ್ಲ್ ಮತ್ತು ಥಿಯೋ ಎಂಬುವರು ಈ ದಂಪತಿಗಳ ಇಬ್ಬರು ಗಂಡುಮಕ್ಕಳು. ಕಾರ್ಲ್ 1920ರಲ್ಲಿಯೂ, ಥಿಯೋ 1922ರಲ್ಲಿಯೂ ಹುಟ್ಟಿದರು. ಕಿರಿಯವನಾದ ಥಿಯೋ ತಾಯಿಯ ಅಂಗಡಿಯಲ್ಲಿಯೇ ವ್ಯಾಪಾರದ ಮೊದಲ ಪಾಠಗಳನ್ನು ಕಲಿತನು.

ಅಂಥ ಪುಟ್ಟ ಅಂಗಡಿಗಳನ್ನು ಜರ್ಮನಿಯ ಜನರು ಪ್ರೀತಿಯಿಂದ ‘ಎಮ್ಮಾ ಅತ್ತೆಯ ಅಂಗಡಿ’ ಎಂದು ಕರೆಯುತ್ತಾರೆ. ಕಟ್ಟೆಯ ಆಚೆ ಅಂಗಡಿಯಾಕೆ, ಈಚೆ ಗಿರಾಕಿ. ಸಕ್ಕರೆ, ಹಿಟ್ಟು, ಉಪ್ಪುಗಳು ಮೂಟೆಯಲ್ಲಿಯೋ ಡಬ್ಬಿಯಲ್ಲಿಯೋ ಇರುವುವು. ಗಿರಾಕಿ ಕೇಳಿದಷ್ಟನ್ನು ತಕ್ಕಡಿಯಲ್ಲಿ ತೂಗಿ, ಕಾಗದದಲ್ಲಿ ಕಟ್ಟಿ ಕೊಡುವುದು ವಾಡಿಕೆ. ಕೂಲಿ ಕೈಸೇರುವ ಮೊದಲೇ ಮನೆಯ ಹಿಟ್ಟು ಮುಗಿದರೆ ‘ಬರೆದುಕೊಳ್ಳಿ’ ಎಂದು ಹೇಳಿ ಸಾಮಾನು ಒಯ್ಯುವ ಪದ್ಧತಿ ಕೂಲಿಕಾರರ ಬಡಾವಣೆಗಳಲ್ಲಿ ಸಾಮಾನ್ಯವಾಗಿದ್ದಿತು. ಕನ್ನಡ ನಾಡಿನ ದಿನಸಿ ಅಂಗಡಿಯಲ್ಲಿ ‘ಲೆಕ್ಕಕ್ಕೆ ಬರೆದುಕೊಳ್ಳಿ’ ಎಂದಂತೆಯೇ ಇದು. ಊರು ಬೇರೆ, ಭಾಷೆ ಬೇರೆ. ಬಡವನ ಮಾತು ಮಾತ್ರ ಒಂದೇ.

ಇಂಥ ಅಂಗಡಿಯಲ್ಲಿ ವಸ್ತುವಿನ ಬೆಲೆಯೊಳಗೆ ಬೇರೆ ಹಲವು ಬೆಲೆಗಳು ಅಡಗಿರುತ್ತವೆ. ತೂಗಿ ಕಟ್ಟಿಕೊಡುವವನ ಸಮಯಕ್ಕೆ ಬೆಲೆಯುಂಟು. ತಿಂಗಳುಗಟ್ಟಲೆ ಕಪಾಟಿನಲ್ಲಿ ಕುಳಿತ ಸರಕಿನಲ್ಲಿ ಸಿಕ್ಕಿಕೊಂಡ ಬಂಡವಾಳಕ್ಕೆ ಬೆಲೆಯುಂಟು. ಸಾಲವಾಗಿ ಕೊಟ್ಟ ಸಾಮಾನಿನ ಹಣ ಹಿಂದಿರುಗಿ ಬರುವವರೆಗೆ ಕಾಯುವುದಕ್ಕೂ, ಕೆಲವೊಮ್ಮೆ ಬಾರದೆಯೇ ಹೋಗುವುದಕ್ಕೂ ಬೆಲೆಯುಂಟು. ಕಣ್ಣಿಗೆ ಕಾಣದ ಈ ಖರ್ಚುಗಳೆಲ್ಲವೂ ಕಡೆಗೆ ಗಿರಾಕಿ ತೆರುವ ಹಣದಲ್ಲಿಯೇ ಸೇರಿಕೊಳ್ಳುತ್ತವೆ.

ಈ ಖರ್ಚುಗಳಲ್ಲಿ ಒಂದನ್ನು ಕಡಿಮೆ ಮಾಡುವ ಉಪಾಯವು ಅಮೆರಿಕದಲ್ಲಿ ಮೊದಲೇ ಹುಟ್ಟಿದ್ದಿತು. 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ಮೆಂಫಿಸ್ ನಗರದಲ್ಲಿ ಒಂದು ಹೊಸ ಬಗೆಯ ಅಂಗಡಿಯನ್ನು ತೆರೆದನು. ಅಲ್ಲಿ ಗಿರಾಕಿಗಳೇ ಬುಟ್ಟಿ ಹಿಡಿದು ಒಳಗೆ ನಡೆದು, ಬೇಕಾದುದನ್ನು ತಾವೇ ಆರಿಸಿಕೊಂಡು, ಹೊರಬರುವ ದಾರಿಯಲ್ಲಿ ಹಣ ತೆರಬೇಕಾಗಿದ್ದಿತು. ಕಟ್ಟೆಯ ಆಚೆ ನಿಂತು ಒಂದೊಂದಾಗಿ ಎತ್ತಿಕೊಡುವ ಕೆಲಸ ಇದರಿಂದ ತಪ್ಪಿತು. ಇಂದು ಎಲ್ಲೆಡೆಯೂ ಕಾಣುವ ಸ್ವಯಂಸೇವೆಯ ಮಳಿಗೆಗಳಿಗೆ ಈ ಅಂಗಡಿ ಮೇಲ್ಪಂಕ್ತಿಯಾಯಿತು.

ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದಾಗ ಜರ್ಮನಿ ಸೋತು ಸುಣ್ಣವಾಗಿದ್ದಿತು. ರೂರ್ ಪ್ರದೇಶದ ನಗರಗಳು ಬಾಂಬು ದಾಳಿಯಿಂದ ಹಾಳುಬಿದ್ದಿದ್ದವು. ಯುದ್ಧಕ್ಕೆ ಹೋಗಿದ್ದ ಆಲ್ಬ್ರೆಕ್ಟ್ ಸೋದರರಿಬ್ಬರೂ ಬದುಕಿ ಹಿಂದಿರುಗಿದರು. 1946ರಲ್ಲಿ ಅವರು ತಾಯಿಯ ವ್ಯಾಪಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಗ ಆಹಾರಕ್ಕೆ ಪಡಿಚೀಟಿಯ ಪದ್ಧತಿಯಿದ್ದಿತು. ಹಣಕ್ಕೆ ಬೆಲೆಯೇ ಇಲ್ಲವಾಗಿ, ವಸ್ತುಗಳು ಕಳ್ಳಸಂತೆಯ ಪಾಲಾಗುತ್ತಿದ್ದವು.

1948ರ ಜೂನ್ ತಿಂಗಳಿನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಹೊಸ ನಾಣ್ಯವು ಜಾರಿಗೆ ಬಂದಿತು. ಮೊದಲ ಕಂತಾಗಿ ಒಬ್ಬೊಬ್ಬರಿಗೂ 40 ಮಾರ್ಕುಗಳನ್ನು ಕೊಡಲಾಯಿತು. ಬಚ್ಚಿಟ್ಟಿದ್ದ ಸರಕುಗಳೆಲ್ಲ ಒಂದೆರಡು ದಿನಗಳಲ್ಲಿಯೇ ಅಂಗಡಿಗಳ ಮುಂಭಾಗಕ್ಕೆ ಬಂದವು. ಆದರೆ ಜನರ ಕೈಯಲ್ಲಿದ್ದ ಹಣವಾದರೋ ಅತ್ಯಲ್ಪ. ಒಂದೊಂದು ಮಾರ್ಕನ್ನೂ ಎಣಿಸಿ ಖರ್ಚು ಮಾಡಬೇಕಾದ ಕಾಲವದು. ಅಂಥ ಜನರಿಗೆ ಬೇಕಾದುದು ಅಲಂಕಾರದ ಮಳಿಗೆಯಲ್ಲ, ಹೊಟ್ಟೆಗೆ ಹಿಟ್ಟು.

ಸೋದರರ ಬಳಿಯಲ್ಲಿಯೂ ಬಂಡವಾಳ ಹೆಚ್ಚಾಗಿರಲಿಲ್ಲ. ಹೊಸ ಅಂಗಡಿಗಳನ್ನು ತೆರೆದಾಗ ನಾನಾ ಬಗೆಯ ಸರಕುಗಳನ್ನು ತುಂಬುವ ಶಕ್ತಿ ಅವರಿಗಿರಲಿಲ್ಲ. ಆದುದರಿಂದ ದಿನವೂ ಬೇಕಾಗುವ ಕೆಲವೇ ವಸ್ತುಗಳನ್ನು ಇಟ್ಟುಕೊಂಡು, ಕಡಿಮೆ ಲಾಭಕ್ಕೆ ಮಾರತೊಡಗಿದರು. ಮುಂದೆ ಹಣ ಬಂದಾಗ ಸರಕುಗಳ ಬಗೆಯನ್ನು ಹೆಚ್ಚಿಸಬಹುದೆಂದು ಅವರು ಎಣಿಸಿದ್ದರು. ಆದರೆ ಅನುಭವವು ಬೇರೆಯದನ್ನೇ ಕಲಿಸಿತು. ಬಗೆಗಳು ಕಡಿಮೆಯಿದ್ದರೂ ಬೆಲೆ ಕಡಿಮೆಯಿದ್ದರೆ ಜನರು ಬರುತ್ತಾರೆ. ಬಗೆಗಳು ಕಡಿಮೆಯಿರುವುದರಿಂದಲೇ ಬೆಲೆಯನ್ನು ಕಡಿಮೆ ಮಾಡಲು ಸಾಧ್ಯವಾಗುತ್ತದೆ! ಕೊರತೆಯೆಂದು ತಿಳಿದುದೇ ಅವರಿಗೆ ಬಲವಾಗಿ ಪರಿಣಮಿಸಿತು.

ಆ ಕಾಲದ ಜರ್ಮನಿಯಲ್ಲಿ ನೂರಕ್ಕೆ ಮೂರರವರೆಗೆ ಸೋಡಿ ಕೊಡಲು ಕಾನೂನು ಅನುಮತಿ ನೀಡಿದ್ದಿತು. ಇತರ ಅಂಗಡಿಗಳು ಈ ಸೋಡಿಯನ್ನು ಚೀಟಿಗಳ ರೂಪದಲ್ಲಿ ಕೊಡುತ್ತಿದ್ದವು. ಗಿರಾಕಿಗಳು ಆ ಚೀಟಿಗಳನ್ನು ಕೂಡಿಟ್ಟು, ಬಹುದಿನಗಳ ಮೇಲೆ ಅವನ್ನು ಒಪ್ಪಿಸಿ ಹಣ ಪಡೆಯಬೇಕಾಗಿದ್ದಿತು. ಆಲ್ಬ್ರೆಕ್ಟ್ ಸೋದರರು ಈ ಗೋಜಲನ್ನು ತೆಗೆದುಹಾಕಿದರು. ಕಾನೂನು ಒಪ್ಪುವಷ್ಟು ಸೋಡಿಯನ್ನು ಮೊದಲೇ ಕಳೆದು, ಉಳಿದುದನ್ನೇ ಬೆಲೆಯೆಂದು ಬರೆದರು. ಜಾಹೀರಾತಿಗೆ ಹಣ ಸುರಿಯಲಿಲ್ಲ. ಬೇಗ ಕೆಡುವ ಪದಾರ್ಥಗಳನ್ನು ಆರಂಭದಲ್ಲಿ ಇಡಲಿಲ್ಲ. ಮಾರಾಟವಾಗದೆ ಉಳಿಯುವ ಸರಕನ್ನು ನಿರ್ದಾಕ್ಷಿಣ್ಯವಾಗಿ ಕೈಬಿಟ್ಟರು. 1950ರ ವೇಳೆಗೆ ಅವರಿಗೆ ರೂರ್ ಪ್ರದೇಶದಲ್ಲಿ 13 ಅಂಗಡಿಗಳಿದ್ದವು. ಇನ್ನು ಹತ್ತು ವರ್ಷಗಳಲ್ಲಿ ಆ ಸಂಖ್ಯೆ 300ಕ್ಕೆ ಏರಿತು.

ಸುಮಾರು ಆ ವೇಳೆಗೆ ಸೋದರರ ನಡುವೆ ಒಂದು ಭಿನ್ನಾಭಿಪ್ರಾಯ ತಲೆದೋರಿತು. ಅಂಗಡಿಯಲ್ಲಿ ಸಿಗರೇಟು ಮಾರಬೇಕೆಂದು ಥಿಯೋ ಹೇಳಿದನು. ಸಿಗರೇಟು ಕಳ್ಳರನ್ನು ಆಕರ್ಷಿಸುವ ವಸ್ತು, ಅದು ಬೇಡವೆಂದು ಕಾರ್ಲ್ ವಾದಿಸಿದನು. ಇಬ್ಬರೂ ಜಗಳವಾಡಿ ವ್ಯಾಪಾರವನ್ನು ಕೆಡಿಸಿಕೊಳ್ಳಲಿಲ್ಲ; ವ್ಯಾಪಾರದ ಪ್ರದೇಶವನ್ನೇ ಉತ್ತರ, ದಕ್ಷಿಣ ಎಂದು ಹಂಚಿಕೊಂಡರು. ಉತ್ತರ ಭಾಗ ಥಿಯೋವಿಗೆ, ದಕ್ಷಿಣ ಭಾಗ ಕಾರ್ಲನಿಗೆ ಬಂದಿತು. 1962ರಲ್ಲಿ ‘ಆಲ್ಡಿ’ ಎಂಬ ಹೆಸರು ಬಳಕೆಗೆ ಬಂದಿತು. ಆಲ್ಬ್ರೆಕ್ಟ್ ಎಂಬ ಮನೆತನದ ಹೆಸರಿನ ಮೊದಲ ಅಕ್ಷರಗಳನ್ನೂ, ರಿಯಾಯಿತಿ ಎಂಬ ಅರ್ಥದ ‘ಡಿಸ್ಕೌಂಟ್’ ಎಂಬ ಪದದ ಮೊದಲ ಅಕ್ಷರಗಳನ್ನೂ ಕೂಡಿಸಿ ಮಾಡಿದ ಹೆಸರದು. ತಾಯಿಯ ಅಂಗಡಿ ಹೀಗೆ ರಿಯಾಯಿತಿ ದರದ ಮಳಿಗೆಯಾಯಿತು. ಸೋದರರಿಬ್ಬರೂ ಜರ್ಮನಿಯ ಅತಿ ಶ್ರೀಮಂತರ ಸಾಲಿಗೆ ಸೇರಿದರು. ಆದರೂ ಪ್ರಚಾರದಿಂದ ದೂರವಾಗಿ ಬಾಳಿ, ಥಿಯೋ 2010ರಲ್ಲಿಯೂ ಕಾರ್ಲ್ 2014ರಲ್ಲಿಯೂ ನಿಧನ ಹೊಂದಿದರು.

ಕಡಿಮೆ ಲಾಭಕ್ಕೆ ಮಾರಿಯೂ ಶ್ರೀಮಂತರಾದುದು ಹೇಗೆ? ಇದನ್ನು ಒಂದು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ಇಬ್ಬರು ವ್ಯಾಪಾರಿಗಳ ಬಳಿ ತಲಾ ಒಂದು ಲಕ್ಷ ರೂಪಾಯಿಗಳ ಸರಕು ಇದೆಯೆಂದು ಇಟ್ಟುಕೊಳ್ಳಬಹುದು. ಮೊದಲನೆಯವನು ನೂರು ರೂಪಾಯಿಗಳ ಸರಕಿನ ಮೇಲೆ 15 ರೂಪಾಯಿ ಇಟ್ಟು ಮಾರುತ್ತಾನೆ. ಅವನ ಸರಕು ಖರ್ಚಾಗಲು ಒಂದು ತಿಂಗಳು ಬೇಕು. ತಿಂಗಳ ಕೊನೆಗೆ ಅವನಿಗೆ ದೊರೆಯುವುದು 15,000 ರೂಪಾಯಿ. ಎರಡನೆಯವನು ನೂರಕ್ಕೆ 6 ರೂಪಾಯಿ ಮಾತ್ರ ಇಡುತ್ತಾನೆ. ಬೆಲೆ ಕಡಿಮೆಯಾದುದರಿಂದ ಅವನ ಸರಕು ಹತ್ತೇ ದಿನಗಳಲ್ಲಿ ಖರ್ಚಾಗುತ್ತದೆ. ಅದೇ ಹಣದಿಂದ ಅವನು ತಿಂಗಳಿಗೆ ಮೂರು ಸಲ ಸರಕು ತುಂಬುತ್ತಾನೆ. ಅವನಿಗೆ ದೊರೆಯುವುದು 18,000 ರೂಪಾಯಿ. ಕಡಿಮೆ ಲಾಭ ಇಟ್ಟವನೇ ಹೆಚ್ಚು ಗಳಿಸಿದನು! ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಎರಡನೆಯವನ ಬಳಿ ಇನ್ನೊಂದು ಬಲವೂ ಉಂಟು. ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಸರಕುಗಳ ಬಗೆ ಇಪ್ಪತ್ತು ಸಾವಿರವನ್ನೂ ಮೀರುವುದುಂಟು. ರಿಯಾಯಿತಿ ಮಳಿಗೆಯಲ್ಲಿ ಅದು ಸುಮಾರು ಎರಡು ಸಾವಿರ. ಹತ್ತು ಬಗೆಯ ಜಾಮಿನ ಬದಲು ಒಂದೆರಡೇ ಬಗೆ ಇದ್ದರೆ, ಆ ಒಂದೆರಡನ್ನು ಭಾರಿ ಪ್ರಮಾಣದಲ್ಲಿ ಕೊಳ್ಳಬಹುದು. ತಯಾರಕನೊಡನೆ ಗಟ್ಟಿಯಾಗಿ ಚೌಕಾಶಿ ಮಾಡಬಹುದು. ಸರಕನ್ನು ಒಂದೊಂದಾಗಿ ಜೋಡಿಸುವ ಬದಲು ರಟ್ಟಿನ ಪೆಟ್ಟಿಗೆಯ ಬಾಯಿ ತೆರೆದು ಹಾಗೆಯೇ ಇಟ್ಟರೆ ಕೆಲಸಗಾರರ ವೇಳೆ ಉಳಿಯುತ್ತದೆ. ಪೊಟ್ಟಣಗಳ ಮೇಲೆ ಗೆರೆಗಳ ಸಂಕೇತವನ್ನು ಹಲವು ಬದಿಗಳಲ್ಲಿ ಮುದ್ರಿಸಿದರೆ, ಹಣ ಪಡೆಯುವವರು ಅದನ್ನು ಹುಡುಕುತ್ತ ತಿರುಗಿಸಬೇಕಾಗಿಲ್ಲ. ಒಂದೊಂದರಲ್ಲಿ ಉಳಿಯುವುದು ಕ್ಷಣಮಾತ್ರ. ಲಕ್ಷಗಟ್ಟಲೆ ಪೊಟ್ಟಣಗಳಲ್ಲಿ ಅದೇ ಒಂದು ದೊಡ್ಡ ಮೊತ್ತವಾಗುತ್ತದೆ.

ಈ ಮಳಿಗೆಗಳು ಜರ್ಮನಿಯ ಎಲ್ಲೆಯನ್ನು ದಾಟಿ ಬೇರೆ ದೇಶಗಳಿಗೂ ಹರಡಿದವು. 1990ರಲ್ಲಿ ಆಲ್ಡಿಯ ಮೊದಲ ಮಳಿಗೆ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ತೆರೆಯಿತು. ಜರ್ಮನಿಯ ಇನ್ನೊಂದು ರಿಯಾಯಿತಿ ಸಂಸ್ಥೆಯಾದ ಲಿಡ್ಲ್ 1994ರಲ್ಲಿ ಅಲ್ಲಿಗೆ ಬಂದಿತು. ಆಗ ಬ್ರಿಟನ್ನಿನ ದಿನಸಿ ವ್ಯಾಪಾರದ ಬಹುಭಾಗವು ಆ ದೇಶದ ದೊಡ್ಡ ಸೂಪರ್ ಮಾರ್ಕೆಟ್ಟುಗಳ ಹಿಡಿತದಲ್ಲಿದ್ದಿತು. ರಟ್ಟಿನ ಪೆಟ್ಟಿಗೆಯಲ್ಲಿಯೇ ಸರಕನ್ನು ಇಟ್ಟು ಮಾರುವ ಈ ಹೊಸ ಅಂಗಡಿಗಳು ಬಡವರಿಗೆ ಮಾತ್ರ ಎಂದು ಅನೇಕರು ಮೂಗು ಮುರಿದರು. ಅಲ್ಲಿ ಕೊಂಡ ವಸ್ತುಗಳನ್ನು ಬೇರೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಹೋಗುವವರೂ ಇದ್ದರೆಂದು ತಮಾಷೆಯಾಗಿ ಹೇಳುತ್ತಿದ್ದರು.

ಆದರೆ ಹೊಟ್ಟೆಯ ಲೆಕ್ಕದ ಮುಂದೆ ಅಂತಸ್ತಿನ ಲೆಕ್ಕ ಬಹುಕಾಲ ನಿಲ್ಲಲಾರದು. 2008ರಲ್ಲಿ ಹಣಕಾಸಿನ ಮುಗ್ಗಟ್ಟು ಜಗತ್ತನ್ನು ಆವರಿಸಿದಾಗ ಬ್ರಿಟನ್ನಿನ ಮಧ್ಯಮ ವರ್ಗದವರೂ ಈ ಮಳಿಗೆಗಳ ಬಾಗಿಲಿಗೆ ಬಂದರು. 2022ರಲ್ಲಿ ಬೆಲೆಗಳು ಮತ್ತೆ ನಾಗಾಲೋಟದಲ್ಲಿ ಏರಿದವು. ಆ ವರ್ಷದ ಸೆಪ್ಟೆಂಬರಿನಲ್ಲಿ ಆಲ್ಡಿಯು ಬ್ರಿಟನ್ನಿನ ದಿನಸಿ ವ್ಯಾಪಾರದಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. 2023ರ ಮಾರ್ಚಿಯ ವೇಳೆಗೆ ಅಲ್ಲಿನ ಆಹಾರ ಪದಾರ್ಥಗಳ ಬೆಲೆ ಒಂದು ವರ್ಷದ ಹಿಂದಿನದಕ್ಕಿಂತ ನೂರಕ್ಕೆ 19ರಷ್ಟು ಹೆಚ್ಚಾಗಿದ್ದಿತು. ಅಂದರೆ ಹಿಂದಿನ ವರ್ಷ ನೂರು ಪೌಂಡಿಗೆ ಬರುತ್ತಿದ್ದ ಆಹಾರಕ್ಕೆ ಈಗ 119 ಪೌಂಡು ಬೇಕು. ಆದಾಯ ಅಷ್ಟು ಹೆಚ್ಚದ ಸಂಸಾರ ಏನು ಮಾಡಬೇಕು? ಊಟವನ್ನು ಕಡಿಮೆ ಮಾಡಬೇಕು, ಇಲ್ಲವೇ ಅಂಗಡಿಯನ್ನು ಬದಲಾಯಿಸಬೇಕು.

ಅಂಗಡಿಯನ್ನು ಬದಲಾಯಿಸುವುದೆಂದರೆ ದಾರಿಯನ್ನು ಬದಲಾಯಿಸಿದಷ್ಟು ಸುಲಭವಲ್ಲ. ಅದು ಅಭ್ಯಾಸವನ್ನೇ ಬದಲಾಯಿಸಿದಂತೆ. ಹಾಗೆ ಬದಲಾಯಿಸಿದ ಕುಟುಂಬವು ಮೊದಲ ದಿನ ಹೊಸ ಮಳಿಗೆಗೆ ಹೋದಾಗ ಒಂದು ನಾಣ್ಯವನ್ನು ಸಿಕ್ಕಿಸಿದ ಹೊರತು ಸಾಮಾನಿನ ಕೈಗಾಡಿ ಬಿಡಿಸಿಕೊಂಡು ಬರುವುದಿಲ್ಲ. ಗಾಡಿಯನ್ನು ಮತ್ತೆ ಅದರ ಸ್ಥಳದಲ್ಲಿ ನಿಲ್ಲಿಸಿದರೆ ನಾಣ್ಯ ಹಿಂದಿರುಗುತ್ತದೆ. ಗಾಡಿಗಳನ್ನು ಒಟ್ಟುಗೂಡಿಸಲು ಬೇರೆ ಆಳು ಬೇಕಿಲ್ಲವೆಂಬುದು ಇದರ ಗುಟ್ಟು. ಒಳಗೆ ಹೋದರೆ ಮಕ್ಕಳು ಮೆಚ್ಚಿದ ಪ್ರಸಿದ್ಧ ಹೆಸರಿನ ಬಿಸ್ಕತ್ತು ಕಾಣದು. ಅಂಥದೇ ಬಿಸ್ಕತ್ತು ಮಳಿಗೆಯ ಸ್ವಂತ ಹೆಸರಿನ ಪೊಟ್ಟಣದಲ್ಲಿ ಕಾಣುತ್ತದೆ. ಹಣ ತೆರುವ ಸ್ಥಳದಲ್ಲಿ ಸರಕುಗಳು ಮಿಂಚಿನ ವೇಗದಲ್ಲಿ ಸಾಗಿಬರುತ್ತವೆ. ಅವನ್ನು ಗಾಡಿಗೆ ಹಾಕಿಕೊಂಡು, ಬದಿಯ ಹಲಗೆಯ ಬಳಿ ನಿಂತು ಸ್ವಂತ ಚೀಲಕ್ಕೆ ತುಂಬಿಕೊಳ್ಳಬೇಕು. ಪಟ್ಟಿಯಲ್ಲಿದ್ದ ಒಂದೆರಡು ವಸ್ತುಗಳು ಅಲ್ಲಿ ದೊರೆಯದೆ, ಅವಕ್ಕಾಗಿ ಇನ್ನೊಂದು ಅಂಗಡಿಗೆ ಹೋಗಬೇಕಾಗುವುದೂ ಉಂಟು.

ಮನೆಗೆ ಬಂದ ಮೇಲೆ ನಿಜವಾದ ಪರೀಕ್ಷೆ. ಹೊಸ ಬಿಸ್ಕತ್ತನ್ನು ಮಕ್ಕಳು ಮೊದಲು ಅನುಮಾನದಿಂದ ನೋಡುತ್ತಾರೆ. ಕೆಲವು ಪದಾರ್ಥಗಳಲ್ಲಿ ರುಚಿಯ ವ್ಯತ್ಯಾಸ ತಿಳಿಯುವುದೇ ಇಲ್ಲ. ಸಕ್ಕರೆ, ಉಪ್ಪುಗಳಿಗೆ ಹೆಸರು ಯಾವುದಾದರೇನು? ಕೆಲವು ಪದಾರ್ಥಗಳು ಮಾತ್ರ ಹಳೆಯವೇ ಮೇಲೆಂದು ತೋರುತ್ತವೆ. ಇಷ್ಟು ದಿನ ಕೊಟ್ಟ ಹೆಚ್ಚಿನ ಹಣ ಎಲ್ಲೆಲ್ಲಿ ಗುಣಕ್ಕೆ ಸಂದಿತು, ಎಲ್ಲೆಲ್ಲಿ ಬರಿಯ ಹೆಸರಿಗೂ ಬಣ್ಣದ ಕಾಗದಕ್ಕೂ ಸಂದಿತು ಎಂಬುದು ಆ ಕುಟುಂಬಕ್ಕೆ ಮೊದಲ ಬಾರಿ ತಿಳಿಯುತ್ತದೆ. ಉಳಿತಾಯಕ್ಕಿಂತಲೂ ಈ ತಿಳಿವಳಿಕೆ ದೊಡ್ಡದು.

ಆದರೆ ಅಗ್ಗದ ಮಳಿಗೆಯಲ್ಲಿಯೂ ಮೈಮರೆಯಲಾಗದು. ಈ ಮಳಿಗೆಗಳ ನಡುವಿನ ಸಾಲಿನಲ್ಲಿ ವಾರವಾರವೂ ಹೊಸ ಹೊಸ ವಸ್ತುಗಳನ್ನು ಇಡುತ್ತಾರೆ. ಗುಡಾರ, ಕೊರೆಯುವ ಯಂತ್ರ, ಮಳೆಯಂಗಿ, ಆಟಿಕೆ, ಹೀಗೆ ದಿನಸಿಗೆ ಸಂಬಂಧವಿಲ್ಲದ ವಸ್ತುಗಳು ಅವು. ಮುಗಿದರೆ ಮತ್ತೆ ಬಾರವೆಂಬ ಆತುರವು ಕೊಳ್ಳುವವರನ್ನು ಸೆಳೆಯುತ್ತದೆ. ಹಾಲು ತರಲು ಹೋದವರು ಗುಡಾರ ಹೊತ್ತು ಬಂದರೆ ಉಳಿತಾಯವೆಲ್ಲಿ? ಬೇಡವಾದ ವಸ್ತು ಎಷ್ಟು ಅಗ್ಗವಾದರೂ ದುಬಾರಿಯೇ ಸರಿ.

ಇನ್ನೊಂದು ಆಳವಾದ ವಿಚಾರವೂ ಇದೆ. ಬೆಲೆ ತಾನಾಗಿಯೇ ಇಳಿಯುವುದಿಲ್ಲ. ಏನನ್ನಾದರೂ ತೆಗೆದಾಗ ಮಾತ್ರ ಇಳಿಯುತ್ತದೆ. ಹಾಗಾದರೆ ತೆಗೆದುದು ಏನನ್ನು? ಬಣ್ಣದ ಅಲಂಕಾರವನ್ನೂ, ವ್ಯರ್ಥ ಜಾಹೀರಾತನ್ನೂ, ಕಪಾಟಿನಲ್ಲಿ ಧೂಳು ಹಿಡಿಯುವ ಸರಕನ್ನೂ ತೆಗೆದಿದ್ದರೆ ಅದು ಜಾಣತನ. ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಹಾಲು ಕರೆಯುವವನಿಗೆ, ತರಕಾರಿ ಬೆಳೆಯುವವನಿಗೆ, ಪೆಟ್ಟಿಗೆ ಹೊರುವವನಿಗೆ ನ್ಯಾಯವಾಗಿ ಸಲ್ಲಬೇಕಾದುದರಲ್ಲಿ ತೆಗೆದಿದ್ದರೆ, ಆ ಬೆಲೆ ಅಗ್ಗವಾದುದಲ್ಲ. ಅದನ್ನು ಬೇರೆ ಯಾರೋ ತೆತ್ತಿದ್ದಾರೆ, ಅಷ್ಟೇ. ಭಾರಿ ಮಳಿಗೆಗಳು ತಮ್ಮ ಬಲದಿಂದ ಸಣ್ಣ ಪೂರೈಕೆದಾರರನ್ನು ಹಿಂಡಬಹುದೆಂಬ ಆತಂಕ ಬ್ರಿಟನ್ನಿನಲ್ಲಿ ತಲೆದೋರಿದುದರಿಂದ, ಅಲ್ಲಿನ ಪಾರ್ಲಿಮೆಂಟು 2013ರಲ್ಲಿ ಒಂದು ಕಾನೂನನ್ನು ಮಾಡಿತು. ದೊಡ್ಡ ಮಳಿಗೆಗಳು ಪೂರೈಕೆದಾರರೊಡನೆ ನ್ಯಾಯವಾಗಿ ನಡೆದುಕೊಳ್ಳುತ್ತವೆಯೇ ಎಂದು ನೋಡಿಕೊಳ್ಳುವ ಒಬ್ಬ ಅಧಿಕಾರಿಯನ್ನು ಅದರಂತೆ ನೇಮಿಸಲಾಯಿತು. ರಿಯಾಯಿತಿಯ ಮಳಿಗೆಗಳೂ ಸೇರಿದಂತೆ ಎಲ್ಲ ಭಾರಿ ಮಳಿಗೆಗಳಿಗೂ ಈ ಕಟ್ಟಳೆ ಅನ್ವಯಿಸುತ್ತದೆ.

ಹೊಸ ರೀತಿಯ ವ್ಯಾಪಾರದಲ್ಲಿ ಕಳೆದುಹೋಗುವ ಇನ್ನೊಂದು ವಸ್ತುವಿದೆ. ಅದು ಪರಿಚಯ. ಎಮ್ಮಾ ಅತ್ತೆಯ ಅಂಗಡಿಯಲ್ಲಿ ಗಿರಾಕಿಯ ಮುಖ ಗೊತ್ತು, ಮನೆ ಗೊತ್ತು, ಮನೆಯ ಕಷ್ಟ ಗೊತ್ತು. ದೊಡ್ಡ ಮಳಿಗೆಯ ಯಂತ್ರಕ್ಕೆ ಗೊತ್ತಿರುವುದು ಬೆಲೆ ಮಾತ್ರ. ಅಲ್ಲಿ ‘ಬರೆದುಕೊಳ್ಳಿ’ ಎಂಬ ಮಾತಿಗೆ ಸ್ಥಳವಿಲ್ಲ. ಗಾಡಿಯುಳ್ಳವರು ದೂರದ ಮಳಿಗೆಗೆ ಹೋಗಿ ಒಂದು ವಾರದ ಸಾಮಾನು ತರಬಹುದು. ನಡೆಯಲಾರದ ಮುದುಕಿಗೆ ಬೀದಿಯ ಕೊನೆಯ ಅಂಗಡಿಯೇ ಗತಿ. ಅದು ಮುಚ್ಚಿಹೋದರೆ ಆಕೆಯ ಪಾಲಿಗೆ ಅಗ್ಗದ ಬೆಲೆಯಿಂದ ಏನು ಪ್ರಯೋಜನ?

ಭಾರತದಲ್ಲಿಯೂ ಈ ಬದಲಾವಣೆ ನಡೆಯುತ್ತಿದೆ. ಕಡಿಮೆ ಲಾಭ, ಬೇಗನೆ ಮಾರಾಟ ಎಂಬ ಇದೇ ತತ್ತ್ವವನ್ನು ಅನುಸರಿಸುವ ಡಿ-ಮಾರ್ಟ್ ಎಂಬ ಮಳಿಗೆ 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಆರಂಭವಾಯಿತು. ಈಗ ಕರ್ನಾಟಕದ ಹಲವು ನಗರಗಳಲ್ಲಿಯೂ ಅದರ ಮಳಿಗೆಗಳಿವೆ. ತಿಂಗಳ ಸಾಮಾನನ್ನು ಇಂಥ ಮಳಿಗೆಗಳಿಂದ ತರುವ ಕುಟುಂಬಗಳು ಕೊತ್ತಂಬರಿ ಸೊಪ್ಪಿಗೂ, ಹೊತ್ತು ಮೀರಿ ಬಂದ ಅತಿಥಿಗೆ ಬೇಕಾದ ಸಕ್ಕರೆಗೂ ಬೀದಿಯ ಅಂಗಡಿಗೇ ಹೋಗುತ್ತವೆ. 2020ರ ಮಾರ್ಚಿಯಲ್ಲಿ ಕೊರೋನಾ ರೋಗದ ಕಾರಣದಿಂದ ದೇಶವೆಲ್ಲ ಸ್ತಬ್ಧವಾದಾಗ, ಅನೇಕ ಬಡಾವಣೆಗಳಲ್ಲಿ ಜನರಿಗೆ ಅಕ್ಕಿ ಬೇಳೆಗಳನ್ನು ಒದಗಿಸಿದುದು ಮನೆಯ ಹತ್ತಿರದ ಈ ಚಿಕ್ಕ ಅಂಗಡಿಗಳೇ. ಅಂಗಡಿಯವನ ಲೆಕ್ಕದ ಪುಸ್ತಕದಲ್ಲಿ ಬರೆದದ್ದು ಸಾಲ ಮಾತ್ರವಲ್ಲ, ನಂಬಿಕೆಯೂ ಹೌದೆಂಬುದು ಆಗ ಅರಿವಾಯಿತು.

ಹಾಗಾದರೆ ಪಟ್ಟಿ ಬರೆಯಲು ಕುಳಿತವರು ಏನು ಮಾಡಬೇಕು? ಮೊದಲನೆಯದಾಗಿ, ಲೆಕ್ಕ ಹಾಕಬೇಕು. 900 ಗ್ರಾಂ ತೂಕದ ಪೊಟ್ಟಣಕ್ಕೆ 126 ರೂಪಾಯಿ, 750 ಗ್ರಾಂ ತೂಕದ ಪೊಟ್ಟಣಕ್ಕೆ 111 ರೂಪಾಯಿ ಎಂದಿದ್ದರೆ, ಎರಡನೆಯದೇ ಅಗ್ಗವೆಂದು ಕಣ್ಣು ಹೇಳುತ್ತದೆ. ಕಿಲೋಗ್ರಾಮಿನ ಲೆಕ್ಕ ಹಾಕಿದರೆ ಮೊದಲನೆಯದು 140 ರೂಪಾಯಿ, ಎರಡನೆಯದು 148 ರೂಪಾಯಿ! ಭಾರತದಲ್ಲಿ ಪೊಟ್ಟಣಗಳ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಒಂದು ಗ್ರಾಮಿಗೆ ಅಥವಾ ಕಿಲೋಗ್ರಾಮಿಗೆ ಎಷ್ಟೆಂಬುದನ್ನೂ ಮುದ್ರಿಸಬೇಕೆಂಬ ನಿಯಮವಿರುವುದು ಈ ಮೋಸವನ್ನು ತಪ್ಪಿಸುವುದಕ್ಕಾಗಿಯೇ. ಎರಡನೆಯದಾಗಿ, ಪಟ್ಟಿಯಲ್ಲಿಲ್ಲದ ವಸ್ತುವಿನ ಮುಂದೆ ಕಾಲು ನಿಲ್ಲಬಾರದು. ಹೋಗಿಬರುವ ಖರ್ಚನ್ನೂ ವೇಳೆಯನ್ನೂ ಉಳಿತಾಯದಲ್ಲಿ ಕಳೆಯಬೇಕು. ಮೂರನೆಯದಾಗಿ, ಬೆಲೆ ಹೇಗೆ ಇಳಿಯಿತೆಂದು ಕೇಳುವ ಅಭ್ಯಾಸವಿರಬೇಕು. ಕಷ್ಟಕಾಲದಲ್ಲಿ ಸಾಲ ಕೊಟ್ಟ ಅಂಗಡಿಯನ್ನು ಅನುಕೂಲದ ಕಾಲದಲ್ಲಿ ಪೂರ್ಣವಾಗಿ ಮರೆಯುವುದು ನ್ಯಾಯವೇ ಎಂಬುದನ್ನೂ ಯೋಚಿಸಬೇಕು.

ಆನ್ನಾ ಆಲ್ಬ್ರೆಕ್ಟಳ ಅಂಗಡಿಯೂ ಅವಳ ಮಕ್ಕಳ ಮಳಿಗೆಯೂ ಬಡವರ ಬೀದಿಯಲ್ಲಿಯೇ ಹುಟ್ಟಿದವು. ಕಟ್ಟೆಯ ಹಿಂದೆ ನಿಂತು ತೂಗಿಕೊಡುವ ಅಂಗಡಿಯು ಬಡವರಿಗೆ ಕಾಯುವ ಅವಕಾಶವನ್ನು ನೀಡುತ್ತಿದ್ದಿತು. ಮಕ್ಕಳ ಮಳಿಗೆಯು ಅದೇ ಬಡವರಿಗೆ ಕಡಿಮೆ ಬೆಲೆಯನ್ನು ನೀಡಿತು. ಒಂದರಲ್ಲಿ ದೊರೆಯುವುದು ಇನ್ನೊಂದರಲ್ಲಿ ದೊರೆಯದು. ಯಾವುದನ್ನು ಪಡೆಯಲು ಯಾವುದನ್ನು ಬಿಟ್ಟುಕೊಡುತ್ತಿದ್ದೇವೆಂಬ ಅರಿವಿನಿಂದ ಕೊಳ್ಳುವವನೇ ಜಾಣನಾದ ಗಿರಾಕಿ. ಉಳಿದ ಹತ್ತು ರೂಪಾಯಿ ಮನೆಯ ಮಗುವಿನ ಪುಸ್ತಕಕ್ಕೆ ಸಂದರೆ ಅಗ್ಗದ ಬೆಲೆ ಸಾರ್ಥಕ. ಆ ಹತ್ತು ರೂಪಾಯಿ ಮತ್ತೊಬ್ಬರ ಮಗುವಿನ ಅನ್ನದಿಂದ ಕಿತ್ತುದಲ್ಲವೆಂದು ತಿಳಿದರೆ ಅದು ಇನ್ನೂ ಸಾರ್ಥಕ.